ಜೀವ ಉಳಿಯಿತು, ಸರಿ, ಅಂಗಡಿಗೆ ಹೋಗುತ್ತಾರಾ?

ಐಸಿಯು ಬಾಗಿಲಲ್ಲಿ ನಿಂತವರಿಗೆ ‘ಜೀವಕ್ಕೆ ಅಪಾಯ ಇಲ್ಲ’ ಅಂದರೆ ಸಾಕು, ಹೋದ ಉಸಿರು ಬಂದಂತಾಗುತ್ತದೆ. ತಲೆಪೆಟ್ಟಿಗೆ ಯಾವ ಚಿಕಿತ್ಸೆ ಒಳ್ಳೆಯದು ಎಂದು ಅಳೆಯಲು ಹೊರಟವರಿಗೆ ಮಾತ್ರ ಅಷ್ಟು ಸಾಲದು.

ಹಾಗಂತ ಸಾವಿನ ಲೆಕ್ಕ ಕೆಲಸಕ್ಕೆ ಬಾರದ್ದೇನಲ್ಲ. ತಲೆಪೆಟ್ಟಿಗೆ ದಶಕಗಟ್ಟಲೆ ಸ್ಟೆರಾಯ್ಡ್ ಕೊಟ್ಟರು. 2004ರಲ್ಲಿ 10,008 ರೋಗಿಗಳ ‘ಕ್ರ್ಯಾಶ್’ ಪ್ರಯೋಗದಲ್ಲಿ ಎರಡು ವಾರದೊಳಗೆ ಸತ್ತವರನ್ನು ಎಣಿಸಿದರೆ, ಸ್ಟೆರಾಯ್ಡ್ ಪಡೆದವರಲ್ಲಿ ಶೇ 21.1, ಪಡೆಯದವರಲ್ಲಿ ಶೇ 17.9! ವಾದಕ್ಕೆ ಎಡೆಯೇ ಉಳಿಯಲಿಲ್ಲ.

ಈಗ 2016ರ ‘ರೆಸ್ಕ್ಯೂ ಐಸಿಪಿ’ ಪ್ರಯೋಗ ನೋಡಿ. ಮಿದುಳಿನ ಒತ್ತಡ ಯಾವುದಕ್ಕೂ ಬಗ್ಗದಿದ್ದಾಗ ತಲೆಬುರುಡೆಯ ದೊಡ್ಡ ಚೂರೊಂದನ್ನು ತೆಗೆದಿಡುವ ಶಸ್ತ್ರಚಿಕಿತ್ಸೆಯನ್ನು ಅದು ಪರೀಕ್ಷಿಸಿತು. ಉಕ್ಕುವ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಆರು ತಿಂಗಳಿಗೆ ಸಾವು, ಶಸ್ತ್ರಚಿಕಿತ್ಸೆಯಿಲ್ಲದವರಲ್ಲಿದ್ದ ಶೇ 48.9ರಿಂದ, ಮಾಡಿಸಿಕೊಂಡವರಲ್ಲಿ 26.9ಕ್ಕೆ ಇಳಿಯಿತು. ಆದರೆ ಕಣ್ಣು ಬಿಟ್ಟೂ ಅರಿವಿಲ್ಲದೆ ಮಲಗಿದವರು ಶೇ 2.1ರಿಂದ 8.5ಕ್ಕೆ ಏರಿದರು. ಗೆದ್ದಿತೋ, ಸೋತಿತೋ?

ಉತ್ತರ ಏಣಿಯ ಮೇಲಿದೆ. 1975ರಲ್ಲಿ ಗ್ಲಾಸ್ಗೋದ ನರಶಸ್ತ್ರವೈದ್ಯ ಬ್ರಯನ್ ಜೆನೆಟ್ ಮತ್ತು ಮನೋವೈದ್ಯ ಮೈಕಲ್ ಬಾಂಡ್ ಚೇತರಿಕೆ ಅಳೆಯಲು ಐದು ಮೆಟ್ಟಿಲಿನ ಏಣಿ ಕಟ್ಟಿದರು. ತಳದಲ್ಲಿ ಸಾವು, ತುದಿಯಲ್ಲಿ ಒಳ್ಳೆಯ ಚೇತರಿಕೆ. ಮುಂದೆ ಅದು ಎಂಟು ಮೆಟ್ಟಿಲಾಯಿತು. ನನಗಿಷ್ಟವಾದದ್ದು ಅದರ ಪ್ರಶ್ನೆಗಳು. ಸ್ಕ್ಯಾನಿನ ಮಾತೇ ಇಲ್ಲ. ಹಗಲು ಎಂಟು ಗಂಟೆ ಮನೆಯಲ್ಲಿ ಒಬ್ಬರೇ ಇರಬಲ್ಲರಾ? ಅಂಗಡಿಗೆ ಹೋಗಿ ಸಾಮಾನು ತರುತ್ತಾರಾ? ಪೆಟ್ಟಿಗೆ ಮೊದಲು ತರುತ್ತಿದ್ದರಾ ಎಂದೂ ಕೇಳಬೇಕು. ಒಳ್ಳೆಯದೇ, ಪೆಟ್ಟೇ ಬೀಳದೆ ಅಂಗಡಿ ಕಡೆ ತಲೆ ಹಾಕದ ಗಂಡಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಎಡವಟ್ಟಾಗುವುದು ಈ ಎಂಟನ್ನು ಪಾಸು–ಫೇಲು ಮಾಡಿದಾಗ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯ 35 ಇದ್ದ ಹಾಗೆ: ಐದು ಅಂಕದವನನ್ನು 30ಕ್ಕೆ ತಂದ ಮೇಷ್ಟ್ರಿಗೆ ಹೆಸರಿಲ್ಲ, 34ನ್ನು 35 ಮಾಡಿದವರಿಗೆ ಹಾರ. ‘ರೆಸ್ಕ್ಯೂ’ದವರು ಗೆರೆಯನ್ನು ರೂಢಿಗಿಂತ ಒಂದು ಮೆಟ್ಟಿಲು ಕೆಳಗೆಳೆದರು, ಅದೂ ಫಲಿತಾಂಶ ನೋಡುವ ಮೊದಲೇ: ಮನೆಯೊಳಗೆ ತನ್ನ ಕೆಲಸ ತಾನು ಮಾಡಿಕೊಂಡರೆ ಪಾಸು. ಆರು ತಿಂಗಳಿಗೆ ಪಾಸಾದವರು ಶೇ 42.8, ಶಸ್ತ್ರಚಿಕಿತ್ಸೆಯಿಲ್ಲದೆ ಶೇ 34.6, ಆಕಸ್ಮಿಕವಲ್ಲ ಎನ್ನಲು ಅಷ್ಟು ಅಂತರ ಸಾಲದು. ವರ್ಷಕ್ಕೆ ಅದೇ ಶೇ 45.4, 32.4, ಈಗ ಅಂತರ ಗಟ್ಟಿ. ಎಲ್ಲಿ ಗೆರೆ, ಯಾವಾಗ ಪರೀಕ್ಷೆ ಎಂಬುದರ ಮೇಲೆ ಚಿಕಿತ್ಸೆಯ ಹಣೆಬರಹ. ಪಾಸು–ಫೇಲು ಬಿಟ್ಟು ಎಲ್ಲ ಮೆಟ್ಟಿಲನ್ನೂ ಎಣಿಸಿ ಎನ್ನುವವರ ಜೊತೆ ನಾನಿದ್ದೇನೆ, ಆದರೆ ಅರಿವಿಲ್ಲದ ಬದುಕು ಸಾವಿಗಿಂತ ಒಂದು ಮೆಟ್ಟಿಲು ಮೇಲೆ ಎಂಬುದನ್ನು ಎಷ್ಟು ಮನೆಯವರು ಒಪ್ಪಿಯಾರೋ ಕಾಣೆ.

ಮೇಲಿನ ಮೆಟ್ಟಿಲುಗಳಲ್ಲಿ ಸಿಟ್ಟಿನ ಪ್ರಶ್ನೆ ಬರುತ್ತದೆ: ಮೊದಲಿಲ್ಲದ ಸಿಡುಕು ಈಗ ವಾರಕ್ಕೊಮ್ಮೆಯೋ, ದಿನವೂ ತಾಳಲಾರದಷ್ಟೋ? ‘ನಂಗೆಲ್ಲಿ ಸಿಟ್ಟು?’ ಎನ್ನುತ್ತಾನೆ ಪೆಟ್ಟು ತಿಂದವನು, ಅವನಿಗದು ನಿಜವಾಗಿಯೂ ಗೊತ್ತಾಗಿರುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಸುಮ್ಮನೆ ಕೂತ ಹೆಂಡತಿಯನ್ನೂ ಕೇಳಬೇಕು.