ಗ್ರೂಪ್ ಅಸೈನ್‌ಮೆಂಟ್‌ನಲ್ಲಿ ಯಾರು ಎಷ್ಟು ಕೆಲಸ ಮಾಡಿದರು ಅಂತ ತಿಳಿಯುವುದು ಹೇಗೆ?

ಪ್ರಶ್ನೆ: ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಗ್ರೂಪ್ ಅಸೈನ್‌ಮೆಂಟನ್ನು ಗೂಗಲ್ ಡಾಕ್ಸ್‌ನಲ್ಲಿ ಬರೆಸುತ್ತೇನೆ. ಆದರೂ ಒಬ್ಬರೇ ಎಲ್ಲ ಬರೆಯುತ್ತಾರೆ, ಉಳಿದವರು ಹೆಸರು ಸೇರಿಸಿ ಸುಮ್ಮನಾಗುತ್ತಾರೆ. ಯಾರ ಪಾಲು ಎಷ್ಟು ಅಂತ ಗೊತ್ತಾಗುವುದು ಹೇಗೆ?

ಉತ್ತರ: ನೋಡುವ ದಾರಿ ಡಾಕ್ಸ್ ಒಳಗೇ ಇದೆ. ಫೈಲ್ ಮೆನುವಿನಲ್ಲಿ ‘ವರ್ಷನ್ ಹಿಸ್ಟರಿ’ ತೆರೆಯಿರಿ. ಬಲಗಡೆ ತಾರೀಖು, ಸಮಯ, ತಿದ್ದಿದವರ ಹೆಸರು ಸಾಲಾಗಿ ಬರುತ್ತವೆ. ಯಾವುದಾದರೂ ಒಂದನ್ನು ಒತ್ತಿದರೆ ಆ ಹೊತ್ತಿಗೆ ಪುಟ ಹೇಗಿತ್ತೋ ಹಾಗೇ ಕಾಣುತ್ತದೆ, ಒಬ್ಬೊಬ್ಬರು ಬರೆದದ್ದು ಒಂದೊಂದು ಬಣ್ಣದಲ್ಲಿ. ಆದರೆ ‘ಲಿಂಕ್ ಇದ್ದವರೆಲ್ಲ ತಿದ್ದಬಹುದು’ ಅಂತ ಬಿಟ್ಟಿದ್ದರೆ ಲಾಗಿನ್ ಆಗದೆ ಬಂದವರ ಹೆಸರೇ ಸಿಗುವುದಿಲ್ಲ. ಅದಕ್ಕೇ ಪ್ರತಿಯೊಬ್ಬರ ಇಮೇಲ್ ಹಾಕಿಯೇ ಶೇರ್ ಮಾಡಿ.

ಇಷ್ಟನ್ನೇ ನೋಡಿ ಮಾರ್ಕ್ಸ್ ಹಾಕಬೇಡಿ ಅಂತ ಮಾತ್ರ ಒತ್ತಿ ಹೇಳುತ್ತೇನೆ. ಯಾರು ಟೈಪ್ ಮಾಡಿದರು ಅನ್ನುವುದು ಹಿಸ್ಟರಿಯಲ್ಲಿ ಗೊತ್ತಾಗುತ್ತದೆ, ಯಾರು ಯೋಚಿಸಿದರು ಅನ್ನುವುದು ಗೊತ್ತಾಗುವುದಿಲ್ಲ. ನಾಲ್ಕು ಜನರಲ್ಲಿ ಒಬ್ಬರ ಹತ್ತಿರ ಮಾತ್ರ ಲ್ಯಾಪ್‌ಟಾಪ್ ಇದೆ ಅಂದುಕೊಳ್ಳಿ. ಉಳಿದ ಮೂವರು ತಮ್ಮ ಭಾಗ ಬರೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಲ್ಯಾಪ್‌ಟಾಪ್ ಇರುವವರು ಅದನ್ನೆಲ್ಲ ಪೇಸ್ಟ್ ಮಾಡುತ್ತಾರೆ, ಕೊನೆಗೆ ಇಡೀ ಪುಟ ಒಂದೇ ಬಣ್ಣ. ಪಾಪ, ಆ ಮೂವರು ಏನೂ ಮಾಡಿಲ್ಲ ಅಂತ ನೀವು ತೀರ್ಮಾನಿಸಿಬಿಡುತ್ತೀರಿ. ಇನ್ನೊಂದು ಗುಂಪಿನಲ್ಲಿ ಎಲ್ಲಿಂದಲೋ ತಂದ ಮೂರು ಪ್ಯಾರಾ ಒಂದೇ ನಿಮಿಷಕ್ಕೆ ಅಂಟಿಸಿದವರು ದೊಡ್ಡ ಕೆಲಸಗಾರರ ಹಾಗೆ ಕಾಣುತ್ತಾರೆ. ಫೋನಿನಿಂದಾದರೂ ಸರಿ, ಅವರವರ ಭಾಗವನ್ನು ಅವರವರ ಅಕೌಂಟಿನಿಂದಲೇ ಹಾಕಬೇಕು ಅಂತ ಮೊದಲ ದಿನವೇ ಹೇಳಿಬಿಡಿ.

ಗುಂಪಿನಲ್ಲಿ ಕೈ ಸಡಿಲ ಬಿಡುವುದು ಇವತ್ತಿನ ಮಕ್ಕಳ ಸೋಮಾರಿತನ ಅಲ್ಲ. ಫ್ರಾನ್ಸಿನ ರಿಂಗಲ್ಮನ್ ಅನ್ನುವ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ನೋಡಿದ್ದರು, ಅದರ ವರದಿ 1913ರಲ್ಲಿ ಬಂತು: ಜನ ಜಾಸ್ತಿ ಆದ ಹಾಗೆ ತಲಾ ಒಬ್ಬರ ಎಳೆತ ಕಡಿಮೆ ಆಗುತ್ತಿತ್ತು. 1979ರಲ್ಲಿ ಲಟಾನೆ, ವಿಲಿಯಮ್ಸ್, ಹಾರ್ಕಿನ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಜನರಿಂದ ಚಪ್ಪಾಳೆ ಹೊಡೆಸಿ, ಕೂಗಿಸಿ ನೋಡಿದಾಗಲೂ ಅದೇ ಕಂಡಿತು. ನಮಗೆ ಬೇಕಾದದ್ದು ಅವರೇ 1981ರಲ್ಲಿ ತೋರಿಸಿದ ಇನ್ನೊಂದು ವಿಷಯ. ಗುಂಪಿನಲ್ಲಿದ್ದರೂ ತಮ್ಮೊಬ್ಬರ ದನಿ ಬೇರೆಯಾಗಿ ಗೊತ್ತಾಗುತ್ತದೆ ಅಂತ ನಂಬಿದವರು ಸಡಿಲ ಬಿಡಲಿಲ್ಲ. ಅಂದರೆ ಕೊನೆಯಲ್ಲಿ ಕೂತು ಪತ್ತೆ ಮಾಡುವುದಕ್ಕಿಂತ, ಪ್ರತಿಯೊಬ್ಬರ ಕೆಲಸ ಶುರುವಿನಿಂದಲೇ ಎಲ್ಲರಿಗೂ ಕಾಣುವ ಹಾಗೆ ಮಾಡುವುದು ಒಳ್ಳೆಯದು, ಅಲ್ವಾ?

ಅದಕ್ಕೆ ಕಾಮೆಂಟ್‌ಗಳೇ ಸಾಕು ಅನ್ನುತ್ತೇನೆ. ಪುಟದಲ್ಲಿ ಮೊದಲೇ ಉಪಶೀರ್ಷಿಕೆಗಳನ್ನು ಹಾಕಿ, ಪ್ರತಿಯೊಂದರ ಕೆಳಗೆ ಒಬ್ಬರ ಹೆಸರು ಬರೆಯಿರಿ. ಒಂದು ವಾರ ಬರೆಯಲಿ. ಮುಂದಿನ ವಾರ ಪಕ್ಕದವರ ಭಾಗ ಓದಿ, ಎರಡು ಕಡೆ ಪ್ರಶ್ನೆ ಕೇಳಲಿ. ‘ಚೆನ್ನಾಗಿದೆ’ ಅಂತ ಬರೆದರೆ ಲೆಕ್ಕಕ್ಕಿಲ್ಲ ಅಂತ ಮೊದಲೇ ಹೇಳಿ. ‘ಬೆಲೆ ಏರಿದ್ದಕ್ಕೆ ಬೇಡಿಕೆ ಕಾರಣ ಅಂತ ಬರೆದಿದ್ದೀಯ, ಆದರೆ ಮೇಲಿನ ಕೋಷ್ಟಕದಲ್ಲಿ ಬೇಡಿಕೆ ಇಳಿದಿದೆಯಲ್ಲ?’ ಇಂಥ ಒಂದು ಕಾಮೆಂಟ್ ಬಂದರೆ ಕೇಳಿದವರು ಓದಿದ್ದಾರೆ ಅಂತ ಗೊತ್ತಾಯಿತು. ಅದಕ್ಕೆ ಬರೆದವರು ಏನು ಉತ್ತರ ಕೊಟ್ಟರು, ಆಮೇಲೆ ಪ್ಯಾರಾ ಹೇಗೆ ಬದಲಾಯಿತು ಅನ್ನುವುದರಲ್ಲಿ ಅವರ ತಿಳಿವಳಿಕೆಯೂ ಕಾಣುತ್ತದೆ. ನನ್ನ ಪ್ರಕಾರ ಮಾರ್ಕ್ಸ್‌ನ ಒಂದು ಪಾಲು ಈ ಮಾತುಕತೆಗೇ ಇರಬೇಕು. ಆಮೇಲೂ ಅನುಮಾನ ಉಳಿದರೆ ಗುಂಪನ್ನು ಐದು ನಿಮಿಷ ಕೂರಿಸಿ, ಒಬ್ಬರು ಬರೆದ ಭಾಗವನ್ನು ಇನ್ನೊಬ್ಬರಿಂದ ಹೇಳಿಸಿ.

ಗುಂಪು ನಾಲ್ಕು ಜನಕ್ಕಿಂತ ದೊಡ್ಡದು ಬೇಡ. ಮಾತಾಡಲು ಸಂಕೋಚಪಡುವವರು ಕಾಮೆಂಟ್‌ನಲ್ಲಿ ಎಷ್ಟೋ ಸಲ ಚೆನ್ನಾಗಿ ಬರೆಯುತ್ತಾರೆ, ಅವರನ್ನು ಗಮನಿಸಿ.

ಇನ್ನೊಂದು ವಿಷಯ: ಫೈಲನ್ನು ನಿಮ್ಮ ಅಕೌಂಟಿನಲ್ಲೇ ತೆರೆದು ಗುಂಪಿಗೆ ಕೊಡಿ. ವಿದ್ಯಾರ್ಥಿಗಳು ತಮ್ಮ ಫೈಲಿನ ಕಾಪಿ ಮಾಡಿ ಒಪ್ಪಿಸಿದರೆ ಹಳೆಯ ಹಿಸ್ಟರಿ ಅದರ ಜೊತೆ ಬರುವುದಿಲ್ಲ.