ಊರಿಗೆ ಹೋದರೆ ತೆರೆಯದ ಲೇಖನ: ಮೊಬೈಲಿನಲ್ಲಿ ವಿಶ್ವವಿದ್ಯಾಲಯ ಗ್ರಂಥಾಲಯ

ವಿಶ್ವವಿದ್ಯಾಲಯದ ಆವರಣದಲ್ಲಿ ಮೊಬೈಲಿನಲ್ಲಿ ಸಲೀಸಾಗಿ ತೆರೆದ ಸಂಶೋಧನಾ ಲೇಖನ, ರಜೆಗೆ ಊರು ಸೇರಿದೊಡನೆ ಹಣ ಕೇಳುತ್ತದೆ. ಓದುವವರು ಅವರೇ, ಫೋನೂ ಅದೇ. ಬದಲಾದದ್ದು ಐಪಿ ವಿಳಾಸ, ಅಂದರೆ ಯಾವ ಜಾಲದಿಂದ ಬಂದಿರಿ ಎಂದು ತೋರಿಸುವ ಸಂಖ್ಯೆ.

2004ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಯುಜಿಸಿ-ಇನ್ಫೋನೆಟ್ ಒಕ್ಕೂಟದ ಮೂಲಕ ನಮ್ಮ ವಿಶ್ವವಿದ್ಯಾಲಯಗಳಿಗೆ ಇ-ನಿಯತಕಾಲಿಕೆಗಳು ಬರತೊಡಗಿದವು. ಓದುಗರು ಯಾರೆಂದು ಪ್ರಕಾಶಕರು ವಿಚಾರಿಸುತ್ತಿರಲಿಲ್ಲ, ಆವರಣದ ಐಪಿ ವಿಳಾಸದಿಂದ ಬಂದವರಿಗೆಲ್ಲ ಬಾಗಿಲು ತೆರೆಯುತ್ತಿದ್ದರು. ಗ್ರಂಥಾಲಯದ ಕಂಪ್ಯೂಟರ್ ಮುಂದೆಯೇ ಓದು ನಡೆಯುತ್ತಿದ್ದ ಆ ಕಾಲಕ್ಕೆ ಅಷ್ಟು ಸಾಕಾಗಿತ್ತು.

ಆದರೆ 2010ರಲ್ಲಿ ಕಾಲೇಜುಗಳಿಗೆ ಇ-ನಿಯತಕಾಲಿಕೆ ಒದಗಿಸಲು ಆರಂಭವಾದ ಎನ್-ಲಿಸ್ಟ್ ಯೋಜನೆ ಪ್ರತಿ ಓದುಗರಿಗೂ ಪ್ರತ್ಯೇಕ ಲಾಗಿನ್ ಕೊಟ್ಟಿತು. ತಾಲ್ಲೂಕು ಕೇಂದ್ರದ ಕಾಲೇಜಿನ ಅಧ್ಯಾಪಕರು ಮನೆಯಲ್ಲಿ ಕುಳಿತು ಓದುವಂತಾದಾಗ, ಎಷ್ಟೋ ವಿಶ್ವವಿದ್ಯಾಲಯಗಳ ಸಂಶೋಧಕರು ಆವರಣಕ್ಕೇ ಬರಬೇಕಾಗಿತ್ತು. ಓದುಗರನ್ನು ಕಟ್ಟಡದಿಂದಲ್ಲ, ಹೆಸರಿನಿಂದ ಗುರುತಿಸುವ ದಾರಿ ಆಗಲೇ ಕಣ್ಣೆದುರಿಗಿತ್ತು. ಅದನ್ನು ಎಲ್ಲರಿಗೂ ವಿಸ್ತರಿಸಲು ತೋರಿದ ನಿಧಾನ ನನಗೆ ಇಂದಿಗೂ ನೋವಿನ ಸಂಗತಿ. 2016ರಲ್ಲಿ ಜಿಯೋ ಬಂದು ಮೊಬೈಲ್ ಡೇಟಾ ಅಗ್ಗವಾಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನಿಂದ ಆವರಣಗಳೇ ಮುಚ್ಚಿದಾಗ ಕೊರತೆ ಬಯಲಾಯಿತು.

ಈ ಕೊರತೆಗೆ ಯುಜಿಸಿಯ ಗ್ರಂಥಾಲಯ ಜಾಲ ಸಂಸ್ಥೆಯಾದ ಇನ್‌ಫ್ಲಿಬ್‌ನೆಟ್ ಕೇಂದ್ರದ ಉತ್ತರ ಇನ್‌ಫೆಡ್ ಎಂಬ ಲಾಗಿನ್ ವ್ಯವಸ್ಥೆ. ಪ್ರಕಾಶಕರ ತಾಣದಲ್ಲಿ ಓದುಗರು ತಮ್ಮ ಸಂಸ್ಥೆಯನ್ನು ಆರಿಸಿ ಲಾಗಿನ್ ಆಗುತ್ತಾರೆ. 'ಇವರು ನಮ್ಮವರು' ಎಂದು ಸಂಸ್ಥೆಯ ಪರವಾಗಿ ದೃಢೀಕರಣ ಹೋಗುತ್ತದೆ. ಅಲ್ಲಿಗೆ ಯಾವ ಊರಿನ ಯಾವ ಸಿಮ್ ಆದರೂ ಸರಿ. ಒಂದೇ ತೊಡಕು: ಗ್ರಂಥಾಲಯ ಮೊದಲು ಓದುಗರ ಹೆಸರು ನೋಂದಾಯಿಸಿರಬೇಕು.

2025ರ ಜನವರಿಯಲ್ಲಿ ಜಾರಿಯಾದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿರಿಸಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಸಿಗುತ್ತವೆ. ಇಷ್ಟು ಹಣ ಸುರಿದ ಮೇಲೂ ವಿದ್ಯಾರ್ಥಿಗೆ ಲಾಗಿನ್ ಇಲ್ಲದಿದ್ದರೆ ಆ ಸಂಪತ್ತು ಆವರಣದ ವೈಫೈ ಮುಗಿಯುವಲ್ಲಿಗೆ ಮುಗಿಯುತ್ತದೆ. ಪ್ರವೇಶದ ದಿನ ಗುರುತಿನ ಚೀಟಿಯ ಜೊತೆಗೇ ಲಾಗಿನ್ ಕೊಡುವುದು ಕಷ್ಟದ ಕೆಲಸವೇನಲ್ಲ.

ಕನ್ನಡ ಓದುಗರ ಪಾಡು ಇನ್ನೂ ಬೇರೆ. ಪಿಎಚ್‌.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸಬೇಕೆಂದು ಯುಜಿಸಿ 2009ರಲ್ಲೇ ನಿಯಮ ಮಾಡಿತು. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಅವು ಯಾವ ಲಾಗಿನ್ನೂ ಇಲ್ಲದೆ ಎಲ್ಲರಿಗೂ ಸಿಗುತ್ತವೆ. ಆದರೆ ಕನ್ನಡದ ಎಷ್ಟೋ ಪ್ರಬಂಧಗಳು ಸ್ಕ್ಯಾನ್ ಮಾಡಿದ ಚಿತ್ರಗಳು, ಇಲ್ಲವೇ ಯೂನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ಅಕ್ಷರವಿನ್ಯಾಸದವು. ಫೋನಿನಲ್ಲಿ 'ವಚನ' ಎಂದು ಹುಡುಕಿದರೆ, ಪುಟದ ತುಂಬ ಆ ಪದವಿದ್ದರೂ ಫಲಿತಾಂಶ ಬರುವುದಿಲ್ಲ.