ಬಂಧ ಬೇರೆ, ಬಂಧನ ಬೇರೆ

ಮೊನ್ನೆ ಪಕ್ಕದ ಮನೆ ಹುಡುಗ ತನ್ನ ಟ್ಯೂಷನ್ ನೋಟ್ಸ್ ತೋರಿಸಿದ. ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದಿದ್ದ ಸಾಲು ಇದು: ‘ಎಟಿಪಿಯ ಬಂಧನ ಮುರಿದಾಗ ಅದರಲ್ಲಿದ್ದ ಶಕ್ತಿ ಬಿಡುಗಡೆಯಾಗುತ್ತದೆ.’ ಎಟಿಪಿ ಎಂದರೆ ನಮ್ಮ ಜೀವಕೋಶಗಳು ಕೆಲಸಕ್ಕೆ ಬೇಕಾದ ಶಕ್ತಿಗಾಗಿ ಬಳಸುವ ಅಣು. ಈ ಸಾಲನ್ನು ಎಷ್ಟು ಕಡೆ ಓದಿದ್ದೇನೋ ಲೆಕ್ಕವಿಲ್ಲ. ಇನ್ನು ಸುಮ್ನಿರಲು ಆಗುವುದಿಲ್ಲ.

ಎಡವಟ್ಟು ಶುರುವಾಗುವುದು ‘ಬಂಧನ’ ಎಂಬ ಪದದಿಂದಲೇ. ಅಣುವಿನಲ್ಲಿ ಪರಮಾಣುಗಳನ್ನು ಜೋಡಿಸಿರುವ ಕೊಂಡಿಗೆ ಹೇಳಬೇಕಾದದ್ದು ‘ಬಂಧ’. ಬಂಧ, ಬಂಧನ ಎರಡೂ ಹುಟ್ಟಿದ್ದು ‘ಬಂಧ್’ ಧಾತುವಿನಿಂದ. ಕಟ್ಟು ಎಂದು ಅರ್ಥ. ಬಂಧು, ಸಂಬಂಧ, ಪ್ರಬಂಧ ಎಲ್ಲ ಅದೇ ಮನೆಯವು. ಇಂಗ್ಲಿಷಿನ ‘ಬಾಂಡ್’ ಕೂಡ ದೂರದ ನೆಂಟ. ಅದನ್ನು 1866ರಲ್ಲಿ ರಸಾಯನಶಾಸ್ತ್ರಕ್ಕೆ ತಂದವರು ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್ಲಂಡ್. ಬಂಧ ಏರ್ಪಡುವ ಕ್ರಿಯೆಗೆ ಬಂಧನ ಎನ್ನುವುದುಂಟು, ಅದು ತಪ್ಪಲ್ಲ. ಆದರೆ ನಮ್ಮ ಕಿವಿಗೆ ಬಂಧನ ಎಂದರೆ ಪೊಲೀಸು, ಜೈಲು. ‘ಇಬ್ಬರು ಆರೋಪಿಗಳ ಬಂಧನ’ ಎಂದು ದಿನಾ ಪೇಪರಿನಲ್ಲಿ ಓದುತ್ತೇವೆ, ಅಲ್ವಾ? ಬಂಧನ ಅಂದ ಕೂಡಲೇ ಬಿಡುಗಡೆಯೂ ನೆನಪಾಗುತ್ತದೆ. ಶಕ್ತಿ ಒಳಗೆ ಕೈದಿಯ ಹಾಗೆ ಕೂತಿದೆ, ಬೀಗ ಒಡೆದರೆ ಆಚೆ ಬರುತ್ತದೆ ಎಂಬ ಚಿತ್ರ ಮಕ್ಕಳ ತಲೆಗೆ ಹೊಕ್ಕುಬಿಡುತ್ತದೆ.

ನಡೆಯುವುದು ಪೂರ್ತಿ ಉಲ್ಟಾ. ಎರಡು ಅಯಸ್ಕಾಂತಗಳನ್ನು ಹತ್ತಿರ ತನ್ನಿ. ‘ಟಕ್’ ಎಂದು ತಾವೇ ಕಚ್ಚಿಕೊಳ್ಳುತ್ತವೆ. ಆ ಸದ್ದು, ಆ ಪೆಟ್ಟು ಕೂಡುವಾಗ ಹೊರಬಿದ್ದ ಶಕ್ತಿ. ಬಿಡಿಸಬೇಕಾದರೆ ಬೆರಳಿಗೆ ಬಲ ಬೇಕು. ಪರಮಾಣುಗಳ ಸೆಳೆತದ ಬಗೆ ಬೇರೆ, ಲೆಕ್ಕಾಚಾರ ಇದೇ. ಎರಡು ಹೈಡ್ರೋಜನ್ ಪರಮಾಣುಗಳು ತಲಾ ಒಂದು ಇಲೆಕ್ಟ್ರಾನ್ ಹಂಚಿಕೊಳ್ಳುತ್ತವೆ. ಆ ಜೋಡಿಯನ್ನು ಎರಡೂ ಬೀಜಕೇಂದ್ರಗಳು ಎಳೆಯುತ್ತವೆ. ಬಂಧ ಎಂದರೆ ಆ ಎಳೆತವೇ. ಪುಸ್ತಕದಲ್ಲಿ ನಡುವೆ ಎಳೆಯುವ ಗೆರೆ ಬರೀ ಗುರುತು. ಅಲ್ಲಿ ದಾರವೂ ಇಲ್ಲ, ಕಡ್ಡಿಯೂ ಇಲ್ಲ, ಒಳಗೆ ಶಕ್ತಿ ತುಂಬಿಡಲು ಡಬ್ಬಿಯಂತೂ ಇಲ್ಲವೇ ಇಲ್ಲ.

ಲೆಕ್ಕ ನೋಡಿ. ಎರಡು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಹೈಡ್ರೋಜನ್, ಒಂದು ಮೋಲ್ ಆಕ್ಸಿಜನ್ ಸೇರಿ ನೀರಾಗಬೇಕು. ಹಳೆಯ ಬಂಧಗಳನ್ನೆಲ್ಲ ಬಿಡಿಸಲು ಸುಮಾರು 1370 ಕಿಲೋಜೂಲ್ ಖರ್ಚು. ನೀರಿನ ಹೊಸ ಬಂಧಗಳು ಕೂಡಿದಾಗ ಸುಮಾರು 1850 ಬರುತ್ತದೆ. ಉಳಿದ 480 ನಮಗೆ ಸಿಗುವ ಶಾಖ. ಇಸ್ರೋದ ಎಲ್‌ವಿಎಂ3 ರಾಕೆಟ್ಟಿನ ಮೇಲಿನ ಹಂತದಲ್ಲಿ ಉರಿಯುವುದು ಇದೇ ಜೋಡಿ. ಅಡುಗೆ ಗ್ಯಾಸಿಗೂ ಇದೇ ಮಾತು. ಬಂಧ ಮುರಿದಾಗ ತಾನಾಗಿ ಶಕ್ತಿ ಬರುವುದಾದರೆ ಲೈಟರ್ ಯಾಕೆ ಬೇಕಿತ್ತು? ಮೊದಲ ಕೆಲವು ಬಂಧಗಳನ್ನು ಬಿಡಿಸಲು ಆ ಕಿಡಿ ಬೇಕು. ಆಮೇಲೆ ಇಂಗಾಲದ ಡೈಆಕ್ಸೈಡ್, ನೀರು ಕೂಡಿಕೊಳ್ಳುವಾಗ ಹುಟ್ಟುವ ಶಾಖವೇ ಉರಿಯನ್ನು ನಡೆಸಿಕೊಂಡು ಹೋಗುತ್ತದೆ.

ಎಟಿಪಿಯಲ್ಲೂ ಸಾಲಾಗಿರುವ ಮೂರು ಫಾಸ್ಫೇಟ್ ತುಣುಕುಗಳಲ್ಲಿ ಕೊನೆಯದರ ಕೊಂಡಿ ಕಳಚಲು ಶಕ್ತಿ ತೆರಲೇಬೇಕು. ಆದರೆ ಆ ಕ್ರಿಯೆಯಲ್ಲಿ ನೀರೂ ಪಾಲುದಾರ. ಹೊಸದಾಗಿ ಕೂಡುವ ಬಂಧಗಳು, ಸುತ್ತ ನೆರೆಯುವ ನೀರಿನ ಅಣುಗಳು ಎಲ್ಲ ಸೇರಿ ಕೊಡುವುದು ತೆತ್ತಿದ್ದಕ್ಕಿಂತ ಜಾಸ್ತಿ. ಹುಡುಗ ಆ ಸಾಲು ಹೊಡೆದುಹಾಕಿ ಹೀಗೆ ಬರೆದುಕೊಂಡ: ‘ಎಟಿಪಿ ನೀರಿನೊಂದಿಗೆ ವರ್ತಿಸಿದಾಗ ಶಕ್ತಿ ಸಿಗುತ್ತದೆ.’